ಡಿಸ್ಚಾರ್ಜಿನ ದಿನದ ಕಾಶಿ ಹಲ್ವ

ನುಂಗಂಬಾಕ್ಕಂನ ವಕೀಲರ ಆಫೀಸಿನಲ್ಲಿ ನಾನು ಕೂತದ್ದಕ್ಕಿಂತ ಎದ್ದದ್ದೇ ಹೆಚ್ಚು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಎದ್ದು ಕಿಟಕಿಯ ತನಕ ಹೋಗುವುದು, ಮತ್ತೆ ಬಂದು ಮಗಳ ಬಲಗಡೆಗೇ ಕೂರುವುದು. ಎಡಗಿವಿ ಅವಳಿಗೆ ಪೂರ್ತಿ ಹೋಗಿದೆ. ಬಲಗಿವಿಯಲ್ಲಿ ಮಿಷನ್ ಹಾಕಿದರೆ ಹತ್ತಿರದ ಮಾತು ಅಷ್ಟಿಷ್ಟು ಕೇಳುತ್ತದೆ.

ಹಿಂದಿನ ವರ್ಷ ಜ್ವರ ಬಿಡದೆ ಆಸ್ಪತ್ರೆಗೆ ಸೇರಿಸಿದ್ದೆವು. ಏಳು ವರ್ಷದ ಮಗುವಿಗೆ ದೊಡ್ಡವರಿಗೆ ಕೊಡುವಷ್ಟು ಇಂಜೆಕ್ಷನ್ ಕೊಟ್ಟಿದ್ದರು. ಅದೂ, ಕಿವಿ ಹೋದದ್ದು ಅದರಿಂದಲೇ ಎನ್ನುವುದೂ ನಮಗೆ ಗೊತ್ತಾದದ್ದು ಎಷ್ಟೋ ವಾರಗಳ ಮೇಲೆ, ಬೇರೆ ಕಡೆಯ ಕಿವಿ ಡಾಕ್ಟರು ಹೇಳಿದಾಗ.

ವಕೀಲರು ಇರುವ ದಾರಿಗಳನ್ನು ನಿಧಾನವಾಗಿ ಬಿಡಿಸಿ ಹೇಳಿದರು. ಗ್ರಾಹಕರ ಆಯೋಗಕ್ಕೆ ಹೋದರೆ ಪರಿಹಾರ ಕೇಳಬಹುದು, ಆದರೆ ಎರಡು ವರ್ಷದೊಳಗೆ ಹೋಗಬೇಕು. ವೈದ್ಯರ ಮಂಡಳಿಗೆ ದೂರು ಕೊಟ್ಟರೆ ದುಡ್ಡು ಬರುವುದಿಲ್ಲ, ಡಾಕ್ಟರು ಉತ್ತರ ಹೇಳಬೇಕಾಗುತ್ತದೆ. ಪೊಲೀಸು ಕೇಸಿಗೆ ಬೇರೆ ಡಾಕ್ಟರುಗಳ ಅಭಿಪ್ರಾಯ ಬೇಕು, ಅದು ಸುಲಭವಲ್ಲ. ನನಗೆ ಮೂರೂ ಬೇಕಿತ್ತು, ಇವತ್ತೇ ಬೇಕಿತ್ತು. ನನ್ನ ಗಂಡನಿಗೆ ಒಂದೂ ಬೇಡ.

ಕಾರಣ ಹಲ್ವ. ನಾವು ಉಡುಪಿ ಕಡೆಯಿಂದ ಈ ತಮಿಳು ಊರಿಗೆ ಬಂದ ಹೋಟೆಲಿನವರು, ಒಳ್ಳೆಯದಾದರೆ ಸಿಹಿ ಹಂಚದೆ ಇರಲಾರೆವು. ಮಗಳು ಮನೆಗೆ ಬರುವ ದಿನ ಇವರು ಕೋಯಂಬೇಡು ಮಾರ್ಕೆಟಿನಿಂದ ಬೂದುಗುಂಬಳ ತರಿಸಿ, ಹೋಟೆಲಿನ ಅಡುಗೆ ಭಟ್ಟರ ಕೈಗೂ ಕೊಡದೆ ತಾವೇ ಕಾಶಿ ಹಲ್ವ ಮಗುಚಿ, ಡಾಕ್ಟರಿಂದ ಹಿಡಿದು ಗುಡಿಸುವವರ ತನಕ ಹಂಚಿ ಕೈಮುಗಿದು ಬಂದಿದ್ದರು. ವಕೀಲರಿಂದ ಮೊದಲೇ ಕಳಿಸಿದ್ದ ನಮ್ಮ ನೋಟಿಸಿಗೆ ಆಸ್ಪತ್ರೆಯವರು ಕೊಟ್ಟ ಉತ್ತರದಲ್ಲಿ ಅದೇ ಇತ್ತು. ಮನೆಯವರು ತೃಪ್ತರಾಗಿ ಸಿಹಿ ಹಂಚಿ ಹೋದವರು, ಈಗ ದೂರುತ್ತಿದ್ದಾರೆ ಎಂದು. ನನಗೆ ಮೈಯೆಲ್ಲ ಉರಿದುಹೋಯಿತು. ಇವರು ಮಾತ್ರ ಕುಗ್ಗಿಹೋದರು.

"ಕೈಯಾರೆ ಕೊಟ್ಟು ಬಂದದ್ದಲ್ವಾ ಮಾರಾಯ್ತಿ, ಇನ್ನು ಯಾವ ಬಾಯಲ್ಲಿ ಕೇಸು ಹಾಕುವುದು?" ಎಂದು ಬರುವಾಗ ಆಟೋದಲ್ಲೂ ಹೇಳಿದ್ದರು.

ದೂರಿಗೆ ನಾನೊಬ್ಬಳೇ ಸಹಿ ಹಾಕಬಹುದಿತ್ತಂತೆ. ಆದರೆ ಹಲ್ವದ ಮಾತಿಗೆ ಕೊಟ್ಟವರೇ ಉತ್ತರ ಹೇಳಬೇಕು, ಇಲ್ಲದಿದ್ದರೆ ಆಸ್ಪತ್ರೆಯವರು ಅದನ್ನೇ ಹಿಡಿದು ಜಗ್ಗುತ್ತಾರೆ ಎಂದರು ವಕೀಲರು. ಸಿಹಿ ಕೊಟ್ಟದ್ದು ನಿಜವೇ ಎಂದು ಇವರನ್ನು ಕೇಳಿದರು. ನಾನು ಮತ್ತೆ ಎದ್ದೆ. ಬಾಯಿ ಬಿಡಿ ಅಂತ ಇವರ ಭುಜ ಹಿಡಿದು ಅಲುಗಿಸೋಣ ಅನ್ನಿಸಿತು, ದೇವರಾಣೆ.

"ಹೌದು, ಕೊಟ್ಟೆ," ಎಂದರು ಇವರು ಕೊನೆಗೆ. "ಮಗು ಬದುಕಿತು ಅಂತ ಕೊಟ್ಟೆ. ಎಲ್ಲರೂ ತಿಂದರು. ಇಂಜೆಕ್ಷನ್ ಹೆಚ್ಚಾಗಿದೆ ಅಂತ ತಿನ್ನುವಾಗ ಒಬ್ಬರೂ ಹೇಳಲಿಲ್ಲ."

ಇದನ್ನೇ ಹೀಗೇ ಬರೆಯೋಣ ಎಂದರು ವಕೀಲರು. ಇವರು ಸಹಿ ಹಾಕಿದರು. ಅದರ ಕೆಳಗೆ ನಾನೂ ಹಾಕಿದೆ.

ಅಷ್ಟು ಹೊತ್ತೂ ನಮ್ಮೆಲ್ಲರ ತುಟಿಗಳನ್ನೇ ನೋಡುತ್ತಿದ್ದ ಮಗಳು ನನ್ನ ಸೆರಗು ಜಗ್ಗಿ, ಅಪ್ಪ ಏನು ಹೇಳಿದ್ದು ಎಂದು ತಮಿಳಿನಲ್ಲಿ ಕೇಳಿದಳು. ನಾನು ಜಾಗ ಬಿಟ್ಟುಕೊಟ್ಟೆ. ಇವರು ಬಂದು ಅವಳ ಬಲಗಡೆ ಕುಕ್ಕರುಗಾಲಲ್ಲಿ ಕೂತು, ಕಿವಿಯ ಹತ್ತಿರ ಬಾಯಿ ತಂದು ಎಲ್ಲವನ್ನೂ ಮೊದಲಿನಿಂದ ಹೇಳತೊಡಗಿದರು. ಹಲ್ವ ಕೊಟ್ಟದ್ದರ ತನಕ ಹೇಳಿದರು. ತಿನ್ನುವಾಗ ಒಬ್ಬರೂ ಬಾಯಿ ಬಿಡಲಿಲ್ಲ ಎಂಬುದನ್ನು ಅವಳಿಗೆ ಹೇಳಲು ಇವರಿಂದ ಆಗಲಿಲ್ಲ.