ಮರದ ಎರಡು ಅಂಗೈ

ಇದನ್ನು ಹೇಳಿಬಿಡಬೇಕೆಂದು ನಾನು ಕಾಗದ ತೆಗೆದದ್ದು ಇದೇ ಮೊದಲಲ್ಲ. ಒಂದು ಸಲ ಪೆನ್ನು ಸರಿಯಿಲ್ಲವೆಂದು ಎದ್ದೆ, ಇನ್ನೊಂದು ಸಲ ಕನ್ನಡಕ ಮಸುಕಾಗಿದೆಯೆಂದು ಎದ್ದೆ, ಮತ್ತೊಂದು ಸಲ ಯಾವ ನೆವವೂ ಸಿಗದೆ ಸುಮ್ಮನೆ ಎದ್ದುಬಿಟ್ಟೆ. ಹಾಗೆ ಎದ್ದಾಗಲೆಲ್ಲ ಚಾಮರಾಜಪುರಂನ ನಮ್ಮ ಮನೆಯ ಬಾಗಿಲ ಪಕ್ಕ ಒರಗಿ ನಿಂತಿರುವ ಒಂದು ಮರದ ಸಾಮಾನು ನನ್ನನ್ನೇ ನೋಡುತ್ತಿತ್ತು.

ಅದು ಏನೆಂದು ನೋಡಿದವರಿಗೆ ತಿಳಿಯುವುದಿಲ್ಲ. ಗ್ಯಾಸ್ ಸಿಲಿಂಡರ್ ತರುವ ಹುಡುಗ ಒಮ್ಮೆ, "ಇದೇನ್ ಸಾರ್, ಮುರಿದೋದ ಕುರ್ಚಿ ಕಾಲಾ?" ಎಂದು ಕೇಳಿದ್ದ. ಮೊಳಕ್ಕಿಂತ ಸ್ವಲ್ಪ ಉದ್ದದ ಎರಡು ಬಾಗಿದ ಮರದ ತುಂಡುಗಳು. ಬುಡದಲ್ಲಿ ಬೋಲ್ಟು ಹಾಕಿ ಸೇರಿಸಿದ್ದು, ನಡುವೆ ಹೊಟ್ಟೆಯಂತೆ ಉಬ್ಬಿ, ತುದಿಯಲ್ಲಿ ಮತ್ತೆ ಒಂದನ್ನೊಂದು ಮುಟ್ಟುತ್ತವೆ. ದೂರದಿಂದ ನೋಡಿದರೆ ಯಾರೋ ಕೈ ಮುಗಿದಂತೆ ಕಾಣುತ್ತದೆ. ಆ ಮುಗಿದ ಕೈಗಳ ತುದಿಯಲ್ಲಿ ತೊಗಲಿನ ಎರಡು ಪಟ್ಟಿಗಳನ್ನು ಸಿಕ್ಕಿಸಿ, ಇಡೀ ಸಾಮಾನನ್ನು ತೊಡೆಗಳ ನಡುವೆ ಒತ್ತಿ ಹಿಡಿದು ಕೂತರೆ, ತೊಗಲು ಒಂದು ಕೂದಲೆಳೆಯಷ್ಟೂ ಅಲುಗುವುದಿಲ್ಲ.

ತೊಗಲಿನ ಹೊಲಿಗೆ ಬಟ್ಟೆಯ ಹೊಲಿಗೆಯಂತಲ್ಲ, ಸ್ನೇಹಿತರೇ. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ. ಆರೆಯೆಂಬ ಮೊನಚು ಉಳಿಯಿಂದ ಚುಚ್ಚಿದ ಒಂದೇ ತೂತಿನಲ್ಲಿ ಒಂದು ಸೂಜಿ ಎಡದಿಂದ, ಇನ್ನೊಂದು ಬಲದಿಂದ ಹಾಯಬೇಕು. ಆಮೇಲೆ ಎರಡು ಕೈಯನ್ನೂ ಚಾಚಿ ಎಳೆದು ಬಿಗಿಯಬೇಕು. ಎರಡು ಕೈಗೂ ಹೀಗೆ ಕೆಲಸವಿದ್ದ ಮೇಲೆ ತೊಗಲನ್ನು ಹಿಡಿಯುವವರು ಯಾರು? ಹೊಲಿಗೆಯನ್ನು ಹೊಗಳುವವರು ಈ ಪ್ರಶ್ನೆ ಕೇಳುವುದೇ ಇಲ್ಲ. ಧಾರೆಯ ಹೊತ್ತಿನಲ್ಲಿ ಅಂತರಪಟ ಹಿಡಿದು ನಿಂತವರ ಮುಖ ಯಾರಿಗೆ ನೆನಪಿರುತ್ತದೆ? ಏಣಿ ಹತ್ತಿದವನನ್ನು ಬೀದಿಯೆಲ್ಲ ಕತ್ತೆತ್ತಿ ನೋಡುತ್ತದೆ. ಏಣಿ ಹಿಡಿದವನು ಕತ್ತೆತ್ತಿದರೆ ಬೈಸಿಕೊಳ್ಳುತ್ತಾನೆ.

ನಾನು ಹತ್ತನೇ ತರಗತಿ ಮುಗಿಸಿ ಸೇರಿದ್ದು ಜಟಕಾ ಕುದುರೆಗಳ ಸಜ್ಜು ಹೊಲಿಯುವ ಅಂಗಡಿಗೆ. ಇಪ್ಪತ್ತೈದಕ್ಕೆಲ್ಲ ಅಲ್ಲಿ ನನ್ನ ಹೊಲಿಗೆಗೆ ಹೆಸರು ಬಂತು, ಹೆಸರಿನ ಹಿಂದೆಯೇ ಜಂಬವೂ ಬಂತು. ನನ್ನೆದುರು ಕೂತು ತೊಗಲು ಹಿಡಿಯುತ್ತಿದ್ದವರು ನನಗಿಂತ ಹತ್ತು ವರ್ಷ ದೊಡ್ಡವರಾದ ಒಬ್ಬ ಹೆಂಗಸು. ಗಂಡ ತೀರಿಕೊಂಡಿದ್ದರು, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ದಿನವೂ ಮಂಡಕಳ್ಳಿಯಿಂದ ಬರುತ್ತಿದ್ದರು. ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ನಾನೂ ಇಲ್ಲಿ ಸದ್ಯಕ್ಕೆ ಹಾಗೆಯೇ ಅನ್ನುತ್ತೇನೆ. ನನ್ನ ಸೂಜಿ ದಾರಿ ತಪ್ಪಿದಾಗಲೆಲ್ಲ ಹೋಗಿ ನಿಲ್ಲುತ್ತಿದ್ದದ್ದು ಅಕ್ಕನ ಬೆರಳಿನಲ್ಲಿ. ಅವರು ರಕ್ತ ತೊಗಲಿಗೆ ತಾಗದಂತೆ ಬೆರಳನ್ನು ಬಾಯಲ್ಲಿಟ್ಟುಕೊಳ್ಳುತ್ತಿದ್ದರು, ನಾನು ಮುಂದಿನ ತೂತಿಗೆ ಹೋಗುತ್ತಿದ್ದೆ.

ಒಂದು ಸೋಮವಾರ ಅಕ್ಕ ಈ ಸಾಮಾನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಗುಜರಿಗೆ ಬಿದ್ದಿದ್ದ ಜಟಕಾ ಚಕ್ರದ ಬಾಗಿದ ಅಂಚಿನಿಂದ ಎರಡು ತುಂಡು ಆರಿಸಿ, ತಮ್ಮೂರ ಬಡಗಿಯ ಹತ್ತಿರ ತೆಳ್ಳಗೆ ಹೆರೆಸಿ ಮಾಡಿದ್ದರು. ಕಚ್ಚುವ ತುದಿಗಳ ಒಳಗೆ, ಹಿಡಿದ ಗುರುತು ತೊಗಲಿನ ಮೇಲೆ ಬೀಳದಿರಲೆಂದು, ಮೆತ್ತನೆಯ ಕುರಿಚರ್ಮ ಅಂಟಿಸಿದ್ದರು.

"ಹಿಡ್ದೂ ಹಿಡ್ದೂ ನನ್ ಬೆರಳು ಜರಡಿ ಆಗೋಯ್ತು ಕಣಪ್ಪ. ಇದು ಹಿಡ್ಕಳ್ಳಿ, ನಾನೂ ಸೂಜಿ ಹಿಡೀತೀನಿ. ನಿನ್ಗಿಂತ ಸೊಟ್ಟಗಂತೂ ಹೊಲಿಯಕಿಲ್ಲ ಬುಡು," ಎಂದು ನಕ್ಕರು.

ಅದೇ ಅವರ ಆಸೆ: ಹಿಡಿಯುವ ಕೆಲಸದಿಂದ ಹೊಲಿಯುವ ಕೆಲಸಕ್ಕೆ ಏರುವುದು. ಮೊದಲು ನೀನು ಕೂತು ನೋಡು ಎಂದು ನನ್ನ ಕೈಗೇ ಕೊಟ್ಟರು. ನಾನು ಕೂತೆ. ಒಂದು ಗೇಣು ಹೊಲಿಗೆ ಇರುವೆ ಸಾಲಿನಂತೆ ನೆಟ್ಟಗೆ ಹೋಯಿತು. ಅಕ್ಕ ನೀರು ತರಲು ಹಿತ್ತಿಲಿಗೆ ಹೋಗಿದ್ದ ಆ ಐದು ನಿಮಿಷದಲ್ಲಿ ಯಜಮಾನರು ಬಂದರು. ಹೊಲಿಗೆಯನ್ನು ನೋಡಿದರು, ಮರವನ್ನು ನೋಡಿದರು.

"ನೀನೇ ಮಾಡ್ಕೊಂಡ್ಯೇನೋ?"

"ಹೂಂ," ಎಂದೆ.

ಅಷ್ಟೇ. ಒಂದೇ ಒಂದು ಹೂಂ. ಯಜಮಾನರು ಬೆನ್ನು ತಟ್ಟಿದರು. ಆ ಹೂಂ ಅನ್ನು ಅಲ್ಲೇ ಹಿಂತೆಗೆದುಕೊಳ್ಳಬಹುದಿತ್ತು, ಆದರೆ ಬೆನ್ನಿಗೆ ಆ ತಟ್ಟುವಿಕೆ ಹಿತವಾಗಿತ್ತು. ವಾರ ಕಳೆಯುವುದರೊಳಗೆ ಇನ್ನೂ ನಾಲ್ಕು ಸಾಮಾನು ಮಾಡಿಸಿದರು. ಆ ಶನಿವಾರ ಅಕ್ಕನನ್ನು ಕರೆದು, ಇನ್ನು ಹಿಡಿಯೋರು ಬೇಕಾಗಿಲ್ಲವಲ್ಲಮ್ಮ ಎಂದರು. ತಮ್ಮ ಕೈಗೆ ಬಿಡುವು ಸಿಗಲೆಂದು ಮಾಡಿದ ಮರವೇ ಅವರ ಕೈಯ ಕೆಲಸವನ್ನು ಕಿತ್ತುಕೊಂಡಿತು. ತಾವೇ ಮಾಡಿದ್ದೆಂದು ಅಕ್ಕ ಹೇಳಿದರೂ ಯಜಮಾನರು ನಂಬದೆ ನನ್ನ ಕಡೆ ನೋಡಿದರು. ಹೌದು, ಮಾಡಿದ್ದು ಇವರೇ ಎಂದು ನಾನು ಬಾಯಿ ಬಿಟ್ಟಿದ್ದರೆ ಅವರು ಸೂಜಿ ಹಿಡಿದು ನನ್ನ ಪಕ್ಕದಲ್ಲಿ ಕೂರುತ್ತಿದ್ದರು. ನಾನು ದಾರಕ್ಕೆ ಮೇಣ ಸವರುತ್ತಾ ತಲೆ ತಗ್ಗಿಸಿದ್ದೆ.

ಅಕ್ಕ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ನನ್ನ ಕಡೆ ತಿರುಗಿದರು. ಬೈಯಲಿಲ್ಲ. "ಮರ ಆದ್ರೆ ಮಾತಾಡಕಿಲ್ಲ, ಸರಿ. ನಿನ್ಗೇನಾಗಿತ್ತಪ್ಪ?" ಎಂದಷ್ಟೇ ಕೇಳಿ ಹೊರಟುಹೋದರು.

ಆಮೇಲೆ ಒಂದು ಸಲ ಮಂಡಕಳ್ಳಿಯವರೆಗೆ ಹೋದೆ. ಅವರ ಬೀದಿಯ ತಿರುವಿನಲ್ಲಿ ಟೀ ಕುಡಿದು, ಅದೇ ಬಸ್ಸಿಗೆ ವಾಪಸು ಬಂದೆ. ಅವರು ತೀರಿಕೊಂಡ ಸುದ್ದಿ ಬಂದ ದಿನ, ಇನ್ನು ಹೇಳುವ ಕಷ್ಟ ತಪ್ಪಿತು ಎಂದು ಮನಸ್ಸಿನ ಮೂಲೆಯೊಂದು ಸಮಾಧಾನಪಟ್ಟಿತಲ್ಲ, ಆ ಮೂಲೆಯನ್ನು ನಾನು ಈವರೆಗೂ ಕ್ಷಮಿಸಿಲ್ಲ.

ಹೋದ ತಿಂಗಳು ಉದಯಗಿರಿಯಲ್ಲಿ ಹೆಂಗಸರಿಗೆ ಚರ್ಮದ ಚೀಲ ಹೊಲಿಯಲು ಕಲಿಸಿ ಎಂದು ಕರೆದರು. ಒಂದು ಸಣ್ಣ ಕೊಠಡಿ, ಎಂಟು ಜನ. ನನ್ನ ಸಾಮಾನನ್ನು ನೋಡಿ ಅಂಥವೇ ಎಂಟನ್ನು ಮಾಡಿಸಿದೆವು. ಮೊದಲ ದಿನ ನಾನು ಅದನ್ನು ತೊಡೆಗಳ ನಡುವೆ ಇಟ್ಟಾಗ ಶಬಾನಾ ಎಂಬಾಕೆ, "ತಾತ, ನೀವು ಹೊಲಿಯೋದು ಕೈಯಲ್ಲೋ ಕಾಲಲ್ಲೋ?" ಎಂದು ಎಲ್ಲರನ್ನೂ ನಗಿಸಿದಳು. ಕೊನೆಯ ದಿನ ನಮ್ಮ ಹಳೆಯ ಅಂಗಡಿಯ ಪರೀಕ್ಷೆ ಇಟ್ಟೆ: ಹೊಲಿದ ಪಟ್ಟಿಯನ್ನು ಇಬ್ಬರು ಎದುರುಬದುರು ಕೂತು, ಪಾದಕ್ಕೆ ಪಾದ ಕೊಟ್ಟು, ಹಿಂದಕ್ಕೆ ಜಗ್ಗಬೇಕು. ಜಗ್ಗಿದರು, ಬಿದ್ದರು, ಎದ್ದು ಮತ್ತೆ ಜಗ್ಗಿದರು. ಎಂಟು ಪಟ್ಟಿಗಳಲ್ಲಿ ಒಂದು ಹೊಲಿಗೆಯೂ ಬಿಡಲಿಲ್ಲ. ಹಿಡಿಯಲೆಂದೇ ಹುಟ್ಟಿದವು ಎಂದು ನಾವು ಬಗೆದಿದ್ದ ಕೈಗಳೆಲ್ಲ ಹೊಲಿದು ಗೆದ್ದು ಕೂತಿದ್ದವು.

ಆಗ ಶಬಾನಾ ಕೇಳಿದಳು, "ಈ ಮರ ನೀವೇ ಕಂಡುಹಿಡಿದಿದ್ದಾ ತಾತ?"

ಅದೇ ಪ್ರಶ್ನೆ. ನಲವತ್ತೈದು ವರ್ಷ ಸುತ್ತಿ ಬಂದು ನನ್ನ ಮೊಣಕಾಲ ಮುಂದೆಯೇ ನಿಂತಿತ್ತು.

"ಅಲ್ಲ ಕಣಮ್ಮ," ಎಂದೆ. ಮಿಕ್ಕದ್ದನ್ನೆಲ್ಲ, ಆ ಹೂಂ ಅನ್ನೂ ಬಿಡದೆ, ಹೇಳಿದೆ. ಯಾರೂ ನನ್ನನ್ನು ಸಮಾಧಾನಪಡಿಸಲಿಲ್ಲ, ಅದೂ ಒಳ್ಳೆಯದೇ ಆಯಿತು. ಒಬ್ಬಾಕೆ, "ಆ ಅಮ್ಮನ ಹೆಸರು ಬರೀರಿ ತಾತ, ಅದ್ರ ಮೇಲೇನೇ," ಎಂದಳು. ಆರೆಯ ಮೊನೆಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿದೆವು. ಬರೆಯಹೋದರೆ ಹಳೆಯ ಮರ ನೆಲದ ಮೇಲೆ ಜಾರುತ್ತಿತ್ತು. ಅಷ್ಟರಲ್ಲಿ ಕೇಳದೆಯೇ ನಾಲ್ಕೂ ಕಡೆಯಿಂದ ಕೈಗಳು ಬಂದು ಅದನ್ನು ಹಿಡಿದವು. ಇಷ್ಟು ವರ್ಷ ಎಲ್ಲವನ್ನೂ ಹಿಡಿದ ಮರವನ್ನು ಆ ದಿನ ಹೆಂಗಸರು ಹಿಡಿದರು.

ಅದು ಈಗಲೂ ಬಾಗಿಲ ಪಕ್ಕದಲ್ಲೇ ಕೈ ಮುಗಿದು ನಿಂತಿದೆ. ಅದು ಯಾರ ಪರವಾಗಿ ಮುಗಿಯುತ್ತಿದೆ ಎಂದು ನನಗೆ ಗೊತ್ತು. ಇನ್ನು ಬಂದವರು ಇದು ಯಾರದೆಂದು ಕೇಳಬೇಕಾಗಿಲ್ಲ, ಓದಿದರೆ ಸಾಕು. ಅಕ್ಷರ ಸೊಟ್ಟಗಿವೆ, ಆದರೆ ಆಳವಾಗಿವೆ: ಮಂಡಕಳ್ಳಿ ಚಿಕ್ಕತಾಯಮ್ಮ.