ಬ್ಯಾಂಡೇಜ್ ಸುತ್ತಿದ ಬಳೆಗಳು

ಎಪ್ಪತ್ತರ ದಶಕದಲ್ಲಿ, ದುರ್ಗದ ಕಡೆಯ ಆಸ್ಪತ್ರೆಯೊಂದರಲ್ಲಿ ಹೊಸ ನರ್ಸಾಗಿದ್ದಾಗ ನನಗೆ ಸದ್ದೆಂದರೆ ಭಯ. ಧನುರ್ವಾಯು ಆದವರನ್ನು ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಿದ್ದೆವು. ಒಂದು ತಟ್ಟೆ ಬಿದ್ದರೂ ಅವರ ಮೈ ಬಿಲ್ಲಿನಂತೆ ಬಾಗಿ ಉಸಿರು ಕಟ್ಟುತ್ತಿತ್ತು. ನಾನು ಅಲ್ಲಿಗೆ ಬರಿಗಾಲಲ್ಲೇ ಹೋಗುತ್ತಿದ್ದೆ.

ತಾಳ್ಯದ ಕಡೆಯ ಕುರಿಗಾರನೊಬ್ಬ ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು, ಹಲ್ಲು ಕಚ್ಚಿಕೊಂಡು ಬಿದ್ದಿದ್ದ. ಹೆಂಡತಿ ಅವನ ಬೆವರು ಒರೆಸಿದಾಗಲೆಲ್ಲ ಅವಳ ಗಾಜಿನ ಬಳೆಗಳು ಘಲ್ಲೆನ್ನುತ್ತಿದ್ದವು, ಅವನ ಮೈ ಸೆಟೆಯುತ್ತಿತ್ತು.

"ಬಳೆ ತೆಗೀರಮ್ಮ," ಎಂದು ಪಿಸುಗುಟ್ಟಿದೆ.

ಎಂಥ ಪೆದ್ದಿ ನಾನು! ಗಂಡ ಸತ್ತವಳಿಗೆ ಹೇಳುವ ಮಾತದು. ಅವಳು ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು, ಕಿರುಚಲು ಬಾಯಿ ತೆರೆದಳು. ಆ ಕಿರುಚಾಟಕ್ಕೇ ಅವನ ಜೀವ ಹೋಗಬಹುದಿತ್ತು. ಹಾರಿ ಅವಳ ಬಾಯಿ ಮುಚ್ಚಿದೆ.

"ಜೀವ ಐತ್ರಮ್ಮ, ಉಸಿರು ಐತೆ. ನೋಡ್ರಿ, ಎದೆ ನೋಡ್ರಿ!"

ಅವಳು ನನ್ನ ಅಂಗೈಯನ್ನು ರಕ್ತ ಬರುವಂತೆ ಕಚ್ಚಿದಳು, ಆದರೆ ಕಿರುಚಲಿಲ್ಲ. ಆಮೇಲೆ ಅವಳ ಎರಡೂ ಕೈಯ ಬಳೆಗಳ ಮೇಲೆ ಬ್ಯಾಂಡೇಜ್ ಸುತ್ತಿದೆ.

ಎಷ್ಟೋ ದಿನಗಳ ಮೇಲೆ ಅವನ ದವಡೆ ಸಡಿಲಾಯಿತು. ಹೆಂಡತಿಯ ಮಣಿಕಟ್ಟುಗಳನ್ನೇ ಗಾಬರಿಯಿಂದ ನೋಡುತ್ತಾ ಅವನಾಡಿದ ಮೊದಲ ಮಾತು:

"ಏನಾತೇ ನಿನ್ ಕೈಗೆ?"