ಸಂಬಳ ಕೇಳಿದ ಅರ್ಜಿ

ಆರನೆಯ ಸೆಮಿಸ್ಟರ್ ಮುಗಿದ ಮೇಲೆ ಎರಡು ತಿಂಗಳು ಇಂಟರ್ನ್‌ಶಿಪ್ ಮಾಡಲೇಬೇಕು ಎಂಬುದು ನಮ್ಮ ವಿಶ್ವವಿದ್ಯಾಲಯದ ನಿಯಮ. ಎಲ್ಲಿ ಮಾಡಬೇಕು, ಯಾರು ಕೊಡುತ್ತಾರೆ ಎಂಬುದು ಮಾತ್ರ ನಿಯಮದಲ್ಲಿ ಇರಲಿಲ್ಲ. ಬ್ರಹ್ಮಾವರದ ಕಡೆಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಓದುತ್ತಿದ್ದ ನಮ್ಮ ತರಗತಿಗೆ ಸುಲಭದ ದಾರಿಯೊಂದು ಗೊತ್ತಿತ್ತು. ಯಾವುದಾದರೂ ತರಬೇತಿ ಸಂಸ್ಥೆಗೆ ದುಡ್ಡು ಕಟ್ಟಿದರೆ ಅವರು ಮೊಬೈಲಿಗೆ ನಾಲ್ಕು ವಿಡಿಯೊ ಕಳಿಸಿ, ಕೊನೆಗೊಂದು ಸರ್ಟಿಫಿಕೇಟ್ ಕೊಡುತ್ತಿದ್ದರು.

ನಾನು ಇದನ್ನು ಅಮ್ಮನಿಗೆ ವಿವರಿಸಿದೆ. ಅಮ್ಮ ದಿನಾ ಬಂದರಿನಲ್ಲಿ ಮೀನು ಕೊಂಡು, ತ್ರಾಸಿಯಿಂದ ವಂಡ್ಸೆ ಕಡೆಗೆ ಒಯ್ದು ಮಾರುವವಳು. ಬುಟ್ಟಿ ತೊಳೆಯುತ್ತಿದ್ದವಳು ಕೈ ನಿಲ್ಲಿಸಿ, "ಕೆಲ್ಸ ಮಾಡುದೂ ನೀನೇ, ದುಡ್ಡ್ ಕೊಡುದೂ ನೀನೇ ಅಂದ್ರೆ ಇದೆಂತ ವ್ಯಾಪಾರ?" ಎಂದಳು.

ಸ್ಟೈಪೆಂಡ್ ಕೊಡುವ ಕಡೆಗೇ ಹೋಗುತ್ತೇನೆ ಎಂದುಬಿಟ್ಟೆ. ಅದು ಎಷ್ಟು ತಲೆ ತಿನ್ನುವ ಕೆಲಸ ಎಂದು ಆಗ ಗೊತ್ತಿರಲಿಲ್ಲ.

ಮೊದಲು ಆನ್‌ಲೈನ್ ಅರ್ಜಿಗಳು. ರೆಸ್ಯೂಮೆ ಅಪ್‌ಲೋಡ್ ಮಾಡು ಎನ್ನುತ್ತಿದ್ದವು. ಮಾಡಿದ ಮೇಲೆ ಅದರಲ್ಲಿದ್ದದ್ದನ್ನೇ ಒಂದೊಂದು ಚೌಕದೊಳಗೆ ಮತ್ತೆ ಟೈಪ್ ಮಾಡು ಎನ್ನುತ್ತಿದ್ದವು. 'ಅನುಭವ ಎಷ್ಟು ವರ್ಷ' ಎಂಬಲ್ಲಿ ಸೊನ್ನೆ ಹಾಕಿದರೆ ಮುಂದಿನ ಪುಟ ತೆರೆಯುತ್ತಲೇ ಇರಲಿಲ್ಲ. ಅನುಭವ ಇದ್ದಿದ್ದರೆ ನಾನು ಇಂಟರ್ನ್‌ಶಿಪ್ ಯಾಕೆ ಹುಡುಕುತ್ತಿದ್ದೆ? ಹೇಗೋ ಕಳಿಸಿದ ಅರ್ಜಿಗಳಿಗೆ ಉತ್ತರವೇ ಬರಲಿಲ್ಲ. ಒಂದು ಕಂಪೆನಿ ಮಾತ್ರ ಬರೆಯಿತು. ಸೀನಿಯರ್ ಒಬ್ಬಳ ಪತ್ರವನ್ನು ನಕಲು ಮಾಡಿ, ಪೂರ್ತಿ ತಿದ್ದದೆ ಕಳಿಸಿದ್ದೆ. ಪಂಪ್ ತಯಾರಿಸುವ ಅವರಿಗೆ ನಿಮ್ಮ ಟೈರುಗಳೆಂದರೆ ನನಗೆ ಚಿಕ್ಕಂದಿನಿಂದಲೂ ಅಭಿಮಾನ ಎಂದು ತಿಳಿಸಿದ ಹಾಗಾಗಿತ್ತು. ತಾವು ಟೈರು ಮಾಡುವುದಿಲ್ಲವೆಂದು ಅವರು ಒಂದೇ ಸಾಲಿನಲ್ಲಿ, ಮರ್ಯಾದೆಯಿಂದಲೇ ಉತ್ತರಿಸಿದ್ದರು. ಕುಂದಾಪುರದ ಬಸ್ ನಿಲ್ದಾಣದಲ್ಲಿ ನಿಂತು ಅದನ್ನು ಓದಿದಾಗ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಬಯ್ಯಲು ಬೇರೆ ಯಾರೂ ಇಲ್ಲದ್ದರಿಂದ ನನ್ನನ್ನೇ ಬೈದುಕೊಂಡೆ.

ಬೈಂದೂರಿನ ವರ್ಕ್‌ಶಾಪ್ ಒಂದರ ಮಾಲೀಕರು ಬರಹೇಳಿದರು. ಹೋದರೆ ಅರ್ಧ ದಿನ ಕಾಯಿಸಿ, ಮೊದಲು ಒಂದು ತಿಂಗಳು ಸುಮ್ಮನೆ ಬನ್ನಿ, ಕೆಲಸ ನೋಡಿ ಆಮೇಲೆ ಯೋಚನೆ ಮಾಡುವ ಎಂದರು. ಎರಡು ತಿಂಗಳ ಇಂಟರ್ನ್‌ಶಿಪ್ಪಿನಲ್ಲಿ ಒಂದು ತಿಂಗಳು ಸುಮ್ಮನೆ!

ಮನೆಗೆ ಬಂದವಳೇ ಹಳೆಯ ಪತ್ರವನ್ನು ಅಳಿಸಿ, ಕನ್ನಡದಲ್ಲೇ ಒಂದು ಪುಟ ಬರೆದೆ. ಡ್ರಾಯಿಂಗ್ ಓದಲು ಬರುತ್ತದೆ, ಕಂಪ್ಯೂಟರಿನಲ್ಲಿ ಬಿಡಿಸಲು ಬರುತ್ತದೆ, ವೆಲ್ಡಿಂಗ್ ಕಾಲೇಜಿನಲ್ಲಿ ಎರಡು ಸಲ ಮಾತ್ರ ಮಾಡಿದ್ದೇನೆ, ಜೂನ್ ಮತ್ತು ಜುಲೈ ಪೂರ್ತಿ ಬರಬಲ್ಲೆ, ತ್ರಾಸಿಯಿಂದ ಓಡಾಡಬೇಕಾದ್ದರಿಂದ ಸ್ಟೈಪೆಂಡ್ ಬೇಕು. ಇಷ್ಟೇ. ಅದನ್ನು ಹಿಡಿದು ಹಂಗಾರಕಟ್ಟೆಗೆ ಹೋದೆ. ಅಲ್ಲಿ ಬೋಟು ಕಟ್ಟುವವರಿದ್ದಾರೆ, ಮಳೆಗಾಲದಲ್ಲಿ ಬೋಟುಗಳು ಕಡಲಿಗಿಳಿಯದೆ ನಿಂತಾಗ ರಿಪೇರಿ ಕೆಲಸ ಜೋರಾಗಿರುತ್ತದೆ ಎಂದು ನನಗೆ ಗೊತ್ತಿತ್ತು. ಅಪ್ಪಯ್ಯ ಬೋಟಿನಲ್ಲಿ ದುಡಿಯುವವರು.

ನಾನು ಹೋದ ಯಾರ್ಡಿನ ಮ್ಯಾನೇಜರು ಐವತ್ತು ದಾಟಿದವರು. ಪತ್ರವನ್ನು ಎರಡು ಸಲ ಓದಿದರು.

"ಇಲ್ಲಿಗ್ ಬಪ್ಪು ಮಕ್ಕ್ಳೆಲ್ಲ ಸರ್ಟಿಫಿಕೇಟ್ ಕೇಳ್ತ್ರ್. ನೀವ್ ಸಂಬ್ಳ ಕೇಳ್ತಿದ್ರಿ" ಎಂದರು. "ಸಂಬ್ಳ ಕೊಟ್ರೆ ನಾನ್ ಕೆಲ್ಸ ಕೇಳ್ತೆ."

"ಕೇಳಿ. ನಾನ್ ಅದ್ಕೇ ಬಂದದ್ದ್" ಎಂದೆ. ಬೈಂದೂರಿನ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಅವರು ಒಂದು ಬೋಟಿನ ನೀರಿನ ಪೈಪುಗಳ ಡ್ರಾಯಿಂಗ್ ಕೊಟ್ಟು, ಎಷ್ಟೆಷ್ಟು ಉದ್ದದ ತುಂಡು ಬೇಕೆಂದು ಪಟ್ಟಿ ಮಾಡಲು ಹೇಳಿದರು. ಮಧ್ಯಾಹ್ನದೊಳಗೆ ಮುಗಿಸಿ ಹೆಮ್ಮೆಯಿಂದ ಕೊಟ್ಟೆ. ಅವರು ಅದನ್ನು ನೋಡದೆಯೇ ವೆಲ್ಡರ್ ಕೈಗೆ ದಾಟಿಸಿದರು. ವೆಲ್ಡರ್ ಪಟ್ಟಿಯ ಮೇಲೆ ಬೆರಳಾಡಿಸಿ, ಪೈಪು ತಿರುಗುವ ಕಡೆಯೆಲ್ಲ ಉದ್ದ ಕಡಿಮೆ ಬಿದ್ದಿದೆ, ತಿರುವಿನ ಲೆಕ್ಕ ಎಲ್ಲಿ ಎಂದು ಕೇಳಿದರು. ನಾನು ಅದನ್ನು ಹಿಡಿದೇ ಇರಲಿಲ್ಲ. ಮೂರು ವರ್ಷ ಓದಿದ್ದೇನು ಎಂದು ಅಳು ಬರುವಂತಾಯಿತು. ಅಳುವುದಕ್ಕೂ ಜಾಗ ಇರಲಿಲ್ಲ, ಸುತ್ತ ಹತ್ತು ಜನ ಇದ್ದರು. ಟೇಪು ಕೇಳಿ ಪಡೆದು, ವೆಲ್ಡರ್ ಜೊತೆ ಬೋಟಿನ ಒಳಗಿಳಿದು, ಪ್ರತಿ ತಿರುವನ್ನೂ ಅಳೆದು ಬರೆದುಕೊಂಡೆ. ಸಂಜೆ ನಾಲ್ಕಕ್ಕೆ ಹೊಸ ಪಟ್ಟಿ ಕೊಟ್ಟೆ. ಮ್ಯಾನೇಜರು ಹೊಗಳಲಿಲ್ಲ. ಜೂನ್ ಒಂದರಿಂದ ಬನ್ನಿ, ಸ್ಟೈಪೆಂಡ್ ಕೊಡುತ್ತೇವೆ ಎಂದು ಹೇಳಿ, ಆಯ್ಕೆಯ ಪತ್ರವನ್ನು ಅಲ್ಲೇ ಟೈಪ್ ಮಾಡಿಸಿದರು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಕಾಲೇಜಿನವರು ಬಿಡಬೇಕಲ್ಲ!

ಆ ಯಾರ್ಡ್ ಕಾಲೇಜಿನ ಪಟ್ಟಿಯಲ್ಲಿಲ್ಲ ಎಂದರು. ಪಟ್ಟಿಗೆ ಸೇರಿಸಲು ಅರ್ಜಿ ಕೊಟ್ಟೆ. ಅರ್ಜಿಗೆ ಯಾರ್ಡಿನ ಸೀಲು ಬೇಕೆಂದರು. ಪುನಃ ಹಂಗಾರಕಟ್ಟೆಗೆ ಹೋಗಿ ಸೀಲು ಹಾಕಿಸಿ ತಂದೆ. ಆಗ, ಹುಡುಗಿಯಾದ್ದರಿಂದ ತಂದೆಯ ಒಪ್ಪಿಗೆ ಪತ್ರ ಬೇಕು ಎಂದರು. ಹುಡುಗರಿಗೆ ಬೇಡವಂತೆ. ಅಪ್ಪಯ್ಯ ಆಗ ಕಡಲಲ್ಲಿದ್ದರು, ಇನ್ನೊಂದು ವಾರ ಬರುವ ಹಾಗಿರಲಿಲ್ಲ. ಕೊಡಬೇಕಾದ ಕೊನೆಯ ದಿನ ಶುಕ್ರವಾರ. ಅಮ್ಮನ ಸಹಿ ಹಾಕಿಸಿ ಕೊಟ್ಟರೆ, ಫಾರ್ಮಿನಲ್ಲಿ 'ತಂದೆ' ಎಂದೇ ಇದೆ ಎಂದು ಗುಮಾಸ್ತರು ತೋರಿಸಿದರು.

ಗುರುವಾರ ವಂಡ್ಸೆಯಲ್ಲಿ ವ್ಯಾಪಾರ ಮುಗಿಸಿದ ಅಮ್ಮ, ಎರಡು ಬಸ್ಸು ಬದಲಿಸಿ ಕಾಲೇಜಿಗೇ ಬಂದಳು. ಅವಳು ಜಗಳ ಮಾಡುತ್ತಾಳೇನೋ ಎಂದು ನಾನು ಹೆದರಿದ್ದೆ. ಅವಳು ಗುಮಾಸ್ತರ ಮೇಜಿನ ಮುಂದೆ ನಿಂತು ಮೆತ್ತಗೆ ಕೇಳಿದಳು:

"ಫೀಸ್ ಕಟ್ಟುವತಿಗೆ ಮೂರ್ ವರ್ಷ ನನ್ ಸಹಿ ಆತಿತ್. ಈಗ ಆತಿಲ್ಯಾ?"

ಗುಮಾಸ್ತರು ನಮ್ಮನ್ನು ವಿಭಾಗದ ಮುಖ್ಯಸ್ಥರ ಹತ್ತಿರ ಕರೆದುಕೊಂಡು ಹೋದರು. ಮುಖ್ಯಸ್ಥರು ಕೆಟ್ಟವರಲ್ಲ. ಯಾರ್ಡಿನಲ್ಲಿ ಬರೀ ಗಂಡಸರೇ ಇರುತ್ತಾರೆ, ಮಗಳನ್ನು ಕಳಿಸಲು ನಿಮಗೆ ಹೆದರಿಕೆ ಇಲ್ಲವೇ ಎಂದು ಅಮ್ಮನನ್ನು ಕೇಳಿದರು.

"ಬಂದರಂಗೂ ಗಂಡ್ಸ್ರೇ ಇಪ್ದ್ ಸರ್. ನಾನ್ ದಿನಾ ಹೋತಿಲ್ಯಾ?" ಎಂದಳು ಅಮ್ಮ.

ಅವರು ಪೆನ್ನು ತೆಗೆದು, ಫಾರ್ಮಿನಲ್ಲಿದ್ದ 'ತಂದೆ' ಎಂಬುದನ್ನು ಹೊಡೆದುಹಾಕಿ 'ತಾಯಿ' ಎಂದು ಬರೆದು ಸಹಿ ಮಾಡಿದರು. ಎರಡು ವಾರ ನಾನು ಅಲೆದದ್ದು ಈ ಒಂದು ಗೆರೆಗೆ.

ಜೂನ್ ಒಂದಕ್ಕೆ ಕೆಲಸಕ್ಕೆ ಸೇರಿದೆ. ಮೊದಲ ವಾರ ಹೆಂಗಸರಿಗೆ ಬೇರೆ ಶೌಚಾಲಯ ಇಲ್ಲದೆ ಹತ್ತಿರದ ಮನೆಯೊಂದಕ್ಕೆ ಹೋಗಬೇಕಾಗಿತ್ತು. ಮ್ಯಾನೇಜರಿಗೆ ಹೇಳಿದ ಮೇಲೆ ಅವರು ಆಫೀಸಿನ ಹಿಂದಿನ ಶೌಚಾಲಯಕ್ಕೆ ಬೀಗ ಹಾಕಿಸಿ ಕೀಲಿಕೈಯನ್ನು ನನಗೇ ಕೊಟ್ಟರು. ಮಳೆ ಹೊಡೆಯುವಾಗ ತಗಡಿನ ಮಾಡಿನ ಕೆಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ವೆಲ್ಡರ್ ಕೈಸನ್ನೆಯಲ್ಲೇ ಕಲಿಸಿದರು. ಎರಡು ತಿಂಗಳಲ್ಲಿ ಮೂರು ಬೋಟುಗಳ ಪೈಪು ಕೆಲಸ ನೋಡಿದೆ, ಒಂದರ ಡ್ರಾಯಿಂಗನ್ನು ಪೂರ್ತಿ ನಾನೇ ಮಾಡಿದೆ. ಸ್ಟೈಪೆಂಡ್ ಹೇಳಿದ ದಿನಕ್ಕೇ ಬಂತು.

ಆಮೇಲೆ ಕಾಲೇಜಿನಲ್ಲಿ ಮೌಖಿಕ ಪರೀಕ್ಷೆ. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ನನ್ನ ವರದಿಯ ಹಾಳೆಗಳನ್ನು ತಿರುವಿ, ಪೈಪಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹಾಳೆಯ ಅಂಚಿನ ಅಳತೆ ಸರಿಯಿಲ್ಲವೆಂದು ಎರಡು ಅಂಕ ಕಳೆದರು. ಕೊನೆಗೆ ಸ್ವರ ತಗ್ಗಿಸಿ, ಅಲ್ಲಿ ನಿಜವಾಗಿಯೂ ದುಡ್ಡು ಕೊಡುತ್ತಾರಾ, ತಮ್ಮ ತಂಗಿಯ ಮಗನೂ ಮೆಕ್ಯಾನಿಕಲ್ಲೇ, ಯಾರಿಂದ ಹೇಳಿಸಿದರೆ ಸಿಗುತ್ತದೆ ಎಂದು ಕೇಳಿದರು.

ಯಾರಿಂದಲೂ ಹೇಳಿಸುವುದು ಬೇಡ ಸರ್, ನಿಮ್ಮ ತಂಗಿಯ ಮಗನೇ ಹೋಗಿ ಕೇಳಲಿ ಎಂದು ಹೇಳಿ ಹೊರಗೆ ಬಂದೆ.